ಪ್ಲೇಟ್ ಅಂಚಿನಲ್ಲೇ ಭೂಕಂಪ ಆಗೋದಾದ್ರೆ ಕಿಲ್ಲಾರಿಯಲ್ಲಿ ಯಾಕಾಯ್ತು?

ಆಳಂದದವ
ಒಂದು ಅನುಮಾನ, ತಿಳಿದವರು ಬಿಡಿಸಿ ಹೇಳಿ. ಶಾಲೆಯಲ್ಲಿ ಓದಿದ್ದು ಇಷ್ಟು: ಭೂಮಿಯ ಮೇಲ್ಪದರ ಹಲವು ಪ್ಲೇಟ್‌ಗಳಾಗಿ ಒಡೆದಿದೆ, ಅವು ಡಿಕ್ಕಿ ಹೊಡೆಯುವ ಕಡೆ, ಉಜ್ಜುವ ಕಡೆ ಭೂಕಂಪ ಆಗುತ್ತದೆ. ಸರಿ. ಜಪಾನ್, ಇಂಡೋನೇಷ್ಯಾ, ನೇಪಾಳ ಎಲ್ಲ ಅರ್ಥವಾಯಿತು. ಆದರೆ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆಗಿದ್ದಕ್ಕೆ ಏನು ಹೇಳುವುದು? ನಮ್ಮ ಗಡಿಯಿಂದ ಆಚೆಗೆ ಸ್ವಲ್ಪ ದೂರ ಅಷ್ಟೆ. ಹತ್ತಿರದಲ್ಲಿ ಯಾವ ಪ್ಲೇಟ್ ಅಂಚೂ ಇಲ್ಲ, ಹಿಮಾಲಯ ಸಾವಿರ ಕಿಲೋಮೀಟರ್‌ಗಿಂತ ದೂರ. ಆದರೂ ಸುಮಾರು ಹತ್ತು ಸಾವಿರ ಜನ ಸತ್ತರು. ಹಾಗಾದರೆ ಪುಸ್ತಕ ಹೇಳುವುದು ಅರ್ಧ ಸತ್ಯವಾ? ಪ್ಲೇಟ್ ಅಂಚು, ಫಾಲ್ಟ್ ಲೈನ್ ಎರಡೂ ಒಂದೇನಾ, ಬೇರೆನಾ? ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಟ್ಟು ಹೋಗಿದೆ.

ಕರಿಕಲ್ಲು
ಜಿಯಾಲಜಿ ಪಾಠ ಮಾಡಿ ನಿವೃತ್ತನಾದವನು ನಾನು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಪ್ಲೇಟ್ ಅಂದರೆ ಸುಮಾರು 100 ಕಿಲೋಮೀಟರ್ ದಪ್ಪದ ಕಲ್ಲಿನ ಭಾರಿ ತುಂಡು. ಅದರ ಕೆಳಗೆ ಕುದಿಯುವ ಲಾವಾದ ಸಮುದ್ರ ಇದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಹಾಗೇನಿಲ್ಲ. ಕೆಳಗಿರುವುದೂ ಕಲ್ಲೇ, ಗಟ್ಟಿಯೇ. ಆದರೆ ಕಾವಿಗೆ ಮೆತ್ತಗಾಗಿ ಲಕ್ಷಾಂತರ ವರ್ಷಗಳಲ್ಲಿ ನಿಧಾನಕ್ಕೆ ಹರಿಯುತ್ತದೆ. ಅದರ ಮೇಲೆ ನಮ್ಮ ಭಾರತದ ಪ್ಲೇಟ್ ಈಶಾನ್ಯದ ಕಡೆಗೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸಾಗುತ್ತಿದೆ.

ಫಾಲ್ಟ್ ಅಂದರೆ ಕಲ್ಲಿನಲ್ಲಿ ಬಿದ್ದ ಸೀಳು. ಬರೀ ಸೀಳಲ್ಲ, ಅದರ ಎರಡೂ ಕಡೆಯ ಕಲ್ಲು ಒಂದರ ಪಕ್ಕ ಒಂದು ಜಾರಿರಬೇಕು, ಆಗ ಮಾತ್ರ ಅದು ಫಾಲ್ಟ್. ಪಠ್ಯದಲ್ಲಿ ಸ್ತರಭಂಗ ಅಂತಾರೆ. ಪ್ಲೇಟ್ ಅಂಚನ್ನು ನಕ್ಷೆಯಲ್ಲಿ ಒಂದು ಗೆರೆ ಎಳೆದು ತೋರಿಸುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ನೆಲದ ಮೇಲೆ ಅಂಥ ಒಂದೇ ಗೆರೆ ಸಿಗುವುದು ಅಪರೂಪ. ಹೆಚ್ಚಿನ ಕಡೆ ಅದು ಹತ್ತಾರು, ಕೆಲವೊಮ್ಮೆ ನೂರಾರು ಕಿಲೋಮೀಟರ್ ಅಗಲದ ಪಟ್ಟಿ, ಅದರೊಳಗೆ ಚಿಕ್ಕದು ದೊಡ್ಡದು ಎಷ್ಟೋ ಫಾಲ್ಟ್‌ಗಳು. ಪ್ಲೇಟ್ ಅಂಚಿನಲ್ಲಿ ಫಾಲ್ಟ್ ಇದ್ದೇ ಇರುತ್ತದೆ, ಆದರೆ ಫಾಲ್ಟ್ ಇರುವ ಕಡೆಯೆಲ್ಲ ಪ್ಲೇಟ್ ಅಂಚು ಇರಬೇಕೆಂದೇನಿಲ್ಲ. ಭೂಕಂಪ ಆಗುವುದು ಮಾತ್ರ ಯಾವಾಗಲೂ ಫಾಲ್ಟ್ ಮೇಲೆಯೇ (ಜ್ವಾಲಾಮುಖಿ, ಗಣಿ ಕುಸಿತ ಇವನ್ನು ಪಕ್ಕಕ್ಕಿಡಿ).

ಕಿಲ್ಲಾರಿ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಫಾಲ್ಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಗೊತ್ತಾಗಬೇಕು.

ಮೈಸೂರ್ ಮಂಜು
ಗುರುಗಳೇ, ಪ್ಲೇಟ್ ದಿನಾ ಚಲಿಸುತ್ತಿದ್ದರೆ ಭೂಕಂಪವೂ ದಿನಾ ಸ್ವಲ್ಪ ಸ್ವಲ್ಪ ಆಗಬೇಕಲ್ವಾ? ನೂರು ವರ್ಷ ಸುಮ್ನಿದ್ದು ಒಂದೇ ಸಲ ಯಾಕೆ?

ಕರಿಕಲ್ಲು
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಪ್ಲೇಟ್‌ನ ನಡುಭಾಗ ಸಾಗುತ್ತಲೇ ಇರುತ್ತದೆ, ಆದರೆ ಫಾಲ್ಟ್‌ನ ಎರಡು ಮುಖಗಳು ತಿಕ್ಕಾಟದಿಂದ ಕಚ್ಚಿಕೊಂಡಿರುತ್ತವೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ನೆನೆಸಿಕೊಳ್ಳಿ, ತಳ್ಳಿದಷ್ಟೂ ಬರುವುದಿಲ್ಲ, ಬಂದರೆ ದಡಕ್ಕನೆ ಬಂದು ನಾವೇ ಮುಗ್ಗರಿಸುತ್ತೇವೆ. ಅಲ್ಲಿಯವರೆಗೆ ನಾವು ಹಾಕಿದ ಬಲ ಎಲ್ಲಿ ಹೋಯಿತು? ಹಲಗೆ ಬಾಗಿತ್ತು. ಕಲ್ಲೂ ಹಾಗೇ ಬಾಗುತ್ತದೆ. ನಂಬುವುದು ಕಷ್ಟ, ಆದರೆ ಹತ್ತಾರು ಕಿಲೋಮೀಟರ್ ಉದ್ದಕ್ಕೆ ಕೆಲವು ಮೀಟರ್ ಬಾಗುವಷ್ಟು ಗುಣ ಗ್ರಾನೈಟಿಗೂ ಇದೆ.

ಇದನ್ನು ಅಳತೆ ಹಿಡಿದು ತೋರಿಸಿದ್ದು 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ. ಏಪ್ರಿಲ್ 18ರ ಬೆಳಗ್ಗೆ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಸುಮಾರು 470 ಕಿಲೋಮೀಟರ್ ಉದ್ದಕ್ಕೆ ಜಾರಿತು. ಹೊಲದ ಬೇಲಿಗಳು ಫಾಲ್ಟ್ ದಾಟುವ ಜಾಗದಲ್ಲಿ ತುಂಡಾಗಿ, ಕೆಲವು ಕಡೆ ಆರು ಮೀಟರ್‌ವರೆಗೆ ಪಕ್ಕಕ್ಕೆ ಹೋಗಿದ್ದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ಭೂಕಂಪಕ್ಕೂ ಮೊದಲಿನ ಸರ್ವೆ ಲೆಕ್ಕಗಳನ್ನು ಹುಡುಕಿ ತೆಗೆದು ನೋಡಿದರು. ಫಾಲ್ಟ್‌ನಿಂದ ದೂರದಲ್ಲಿದ್ದ ಗುರುತುಗಳು ಅದಕ್ಕೂ ಹಲವು ವರ್ಷಗಳಿಂದ ನಿಧಾನಕ್ಕೆ ಸರಿಯುತ್ತಲೇ ಬಂದಿದ್ದವು! ಫಾಲ್ಟ್ ಹತ್ತಿರದ್ದು ಮಾತ್ರ ಹಿಂದೆ ಉಳಿದಿತ್ತು. ಭೂಕಂಪದಲ್ಲಿ ಆಗಿದ್ದು ಆ ಬಾಕಿಯ ವಸೂಲಿ. 1910ರಲ್ಲಿ ಅವರು ಬರೆದ ಈ ವಿವರಣೆ ಇವತ್ತಿಗೂ ಆಧಾರ.

ಜಾರುವಿಕೆ ಒಂದು ಜಾಗದಲ್ಲಿ ಶುರುವಾಗಿ ಫಾಲ್ಟ್ ಉದ್ದಕ್ಕೂ ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಹರಿದುಕೊಂಡು ಹೋಗುತ್ತದೆ. ಟಿವಿಯಲ್ಲಿ ಕೇಂದ್ರಬಿಂದು ಅಂತ ಒಂದು ಚುಕ್ಕೆ ತೋರಿಸುತ್ತಾರಲ್ಲ, ಅದು ಶುರುವಾದ ಜಾಗ ಅಷ್ಟೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಶುರುವಾಗಿದ್ದು ಕಠ್ಮಂಡುವಿನಿಂದ ಸುಮಾರು 80 ಕಿಲೋಮೀಟರ್ ದೂರದ ಗೋರ್ಖಾದಲ್ಲಿ. ಅಲ್ಲಿಂದ ಪೂರ್ವಕ್ಕೆ ಹರಿಯುತ್ತಾ ಕಠ್ಮಂಡುವಿನ ಅಡಿಗೇ ಬಂತು, ಮುಂದಕ್ಕೂ ಹೋಯಿತು. ಕೆಲವೇ ಸೆಕೆಂಡುಗಳಲ್ಲಿ ಇಡೀ ಊರು ದಕ್ಷಿಣಕ್ಕೆ ಒಂದೂವರೆ ಮೀಟರ್‌ಗೂ ಹೆಚ್ಚು ಜರುಗಿತು, ಸುಮಾರು ಒಂದು ಮೀಟರ್ ಮೇಲಕ್ಕೂ ಎದ್ದಿತು.

ಬೇ ಏರಿಯಾ ಭಟ್ರು
ಸಾರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲ ಫಾಲ್ಟೂ ಕಚ್ಚಿಕೊಂಡೇ ಇರುವುದಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಫ್ರೀಮಾಂಟ್ ಕಡೆಯಿಂದ ಬರ್ಕ್ಲಿವರೆಗೂ ಹೇವರ್ಡ್ ಫಾಲ್ಟ್ ಅಂತ ಊರುಗಳ ಮಧ್ಯದಲ್ಲೇ ಹೋಗುತ್ತದೆ, ಕನ್ನಡದವರು ಜಾಸ್ತಿ ಇರುವ ಜಾಗವೇ. ಅದು ಮೇಲ್ಭಾಗದಲ್ಲಿ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ತಣ್ಣಗೆ ಜಾರುತ್ತಲೇ ಇರುತ್ತದೆ. ಹೇವರ್ಡ್ ಊರಿನ ಒಂದು ರಸ್ತೆ ಮೂಲೆಯಲ್ಲಿ ಫುಟ್‌ಪಾತಿನ ಅಂಚುಕಲ್ಲು ಎರಡು ಭಾಗವಾಗಿ ವರ್ಷ ವರ್ಷ ಒಂದನ್ನೊಂದು ಬಿಟ್ಟು ಸರಿಯುತ್ತಿತ್ತು. ಭೂವಿಜ್ಞಾನಿಗಳು 1970ರ ದಶಕದಿಂದ ಅದರ ಫೋಟೋ ತೆಗೆದು ಹೋಲಿಸುತ್ತಿದ್ದರು. 2016ರಲ್ಲಿ ಕಾರ್ಪೊರೇಷನ್‌ನವರು ಬಂದು ಕಲ್ಲು ಕಿತ್ತು ಹೊಸದು ಹಾಕಿಬಿಟ್ಟರು, ಪಾಪ ಅವರಿಗೇನು ಗೊತ್ತು! ಬರ್ಕ್ಲಿಯಲ್ಲಿ ಯೂನಿವರ್ಸಿಟಿ ಸ್ಟೇಡಿಯಂ ಕೂಡ ಇದೇ ಫಾಲ್ಟ್ ಮೇಲೆ ಕೂತಿದೆ.

ಹಾಗಂತ ಇದು ಸಾಧು ಫಾಲ್ಟ್ ಅಲ್ಲ. ಕೆಳಗೆ ಆಳದಲ್ಲಿ ಕಚ್ಚಿಕೊಂಡಿದೆ, 1868ರಲ್ಲಿ ದೊಡ್ಡ ಭೂಕಂಪ ಮಾಡಿದೆ. ಇಲ್ಲಿ ಮನೆ ತೆಗೆದುಕೊಳ್ಳುವಾಗ ಫಾಲ್ಟ್ ವಲಯದಲ್ಲಿದೆಯೋ ಇಲ್ಲವೋ ಅಂತ ಮಾರುವವರು ಕಾಗದದಲ್ಲಿ ಬರೆದು ತಿಳಿಸಲೇಬೇಕು.

ಮೈಸೂರ್ ಮಂಜು
ಹಾಗಾದರೆ ಆಗಾಗ ಸಣ್ಣ ಸಣ್ಣ ಭೂಕಂಪ ಆಗುವುದು ಒಳ್ಳೆಯದೇ ಅಲ್ವಾ? ಒತ್ತಡ ಖಾಲಿಯಾಗುತ್ತೆ, ದೊಡ್ಡದು ಬರಲ್ಲ.

ಕರಿಕಲ್ಲು
ಎಲ್ಲರೂ ಹೀಗೇ ಹೇಳುತ್ತಾರೆ, ಲೆಕ್ಕ ಹಾಕಿದರೆ ಕೂಡುವುದಿಲ್ಲ. ಮ್ಯಾಗ್ನಿಟ್ಯೂಡ್, ಅಂದರೆ ಭೂಕಂಪದ ಗಾತ್ರದ ಅಳತೆ, ಒಂದು ಅಂಕಿ ಏರಿದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು. ಎರಡು ಏರಿದರೆ 32ರ 32 ಪಟ್ಟು, ಅಂದರೆ ಸಾವಿರ. 8ರ ಒಂದು ಭೂಕಂಪದ ಶಕ್ತಿಯನ್ನು 6ರ ಭೂಕಂಪಗಳಲ್ಲಿ ಖಾಲಿ ಮಾಡಬೇಕಾದರೆ ಸಾವಿರ ಆಗಬೇಕು. 4ರದ್ದಾದರೆ ಹತ್ತು ಲಕ್ಷ. ಅಷ್ಟು ಎಲ್ಲೂ ಆಗುವುದಿಲ್ಲ. ಅಲ್ಲದೆ ಒಂದು ಕಡೆ ಜಾರಿದರೆ ಪಕ್ಕದ ಫಾಲ್ಟ್‌ಗೆ ಒತ್ತಡ ಜಾಸ್ತಿಯಾಗುವುದೂ ಉಂಟು. 2023ರ ಫೆಬ್ರವರಿ 6ರಂದು ಟರ್ಕಿಯಲ್ಲಿ ಪೂರ್ವ ಅನಟೋಲಿಯನ್ ಫಾಲ್ಟ್ ಮೇಲೆ 7.8 ಆಯಿತು. ಸುಮಾರು ಒಂಬತ್ತು ಗಂಟೆ ಬಿಟ್ಟು ಉತ್ತರದ ಇನ್ನೊಂದು ಫಾಲ್ಟ್ ಮೇಲೆ 7.5. ಮೊದಲನೆಯದಕ್ಕೆ ಬಿರುಕುಬಿಟ್ಟು ನಿಂತಿದ್ದ ಕಟ್ಟಡಗಳು ಎರಡನೆಯದಕ್ಕೆ ಬಿದ್ದವು.

ಆಳಂದದವ
ಸಾರ್, ಕಿಲ್ಲಾರಿ...

ಕರಿಕಲ್ಲು
ಬಂದೆ ಬಂದೆ.

ನಮ್ಮ ಪ್ಲೇಟ್ ಉತ್ತರಕ್ಕೆ ಹೋಗುತ್ತಿದೆ, ಎದುರಿಗೆ ಹಿಮಾಲಯ ಮತ್ತು ಟಿಬೆಟ್ ತಡೆದು ನಿಂತಿವೆ. ಆ ಎದುರೊತ್ತು ಅಂಚಿನಲ್ಲೇ ಮುಗಿಯುವುದಿಲ್ಲ, ಇಡೀ ಪ್ಲೇಟ್ ಉದ್ದಕ್ಕೂ ಹಿಂದಕ್ಕೆ ಬರುತ್ತದೆ. ಅಂದರೆ ದಖ್ಖನ್ನಿನ ಕಲ್ಲೂ ಉತ್ತರ ದಕ್ಷಿಣವಾಗಿ ಒತ್ತಡದಲ್ಲೇ ಇದೆ. ಈ ಕಲ್ಲು ಹೊಸದಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅಷ್ಟು ಕಾಲದಲ್ಲಿ ಎಷ್ಟು ಸಲ ಸೀಳಿ, ಬೆಸೆದು, ಮತ್ತೆ ಸೀಳಿರಬೇಕು ಹೇಳಿ. ಚಿತ್ರದುರ್ಗದ ಪಕ್ಕದಲ್ಲಿ ಉದ್ದಕ್ಕೆ ಹೋಗುವ ಶಿಯರ್ ಝೋನ್ (ಕಲ್ಲು ಒಂದರ ಪಕ್ಕ ಒಂದು ಜಾರಿದ ಪಟ್ಟಿ) ಅಂಥ ಒಂದು ಹಳೇ ಗಾಯ. ಹೆಚ್ಚಿನವು ಸತ್ತಂತೆ ಬಿದ್ದಿವೆ. ಆದರೆ ಒತ್ತಡದ ದಿಕ್ಕು ಸರಿ ಹೊಂದಿ, ಎಲ್ಲೋ ಒಂದು ಕಡೆ ಹಿಡಿತ ಕಡಿಮೆಯಾದರೆ ಹಳೇ ಸೀಳೇ ಮೊದಲು ಜಾರುವುದು, ಹೊಸ ಕಲ್ಲು ಒಡೆಯುವುದಕ್ಕಿಂತ ಅದು ಸುಲಭ.

ಕಿಲ್ಲಾರಿಯಲ್ಲಿ ಇನ್ನೊಂದು ತೊಡಕು ಇತ್ತು. ಅಲ್ಲಿ ಹಳೇ ಕಲ್ಲಿನ ಮೇಲೆ ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಪದರಗಳು ನೂರಾರು ಮೀಟರ್ ದಪ್ಪಕ್ಕೆ ಹಾಸಿಕೊಂಡಿವೆ. ಅದರ ಮೇಲೆ ಕಪ್ಪು ಎರೆಮಣ್ಣು. ಕೆಳಗೆ ಏನಿದೆ ಅಂತ ಯಾರಿಗೂ ಕಾಣುವಂತಿರಲಿಲ್ಲ. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಜಾಗ 1ನೇ ವಲಯದಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯ! 2002ರ ನಕ್ಷೆಯಲ್ಲಿ 1ನೇ ವಲಯ ಅನ್ನುವುದನ್ನೇ ತೆಗೆದು ಹಾಕಿದರು. ನಕ್ಷೆಯಲ್ಲಿ ಒಂದು ಬಣ್ಣ ಬದಲಿಸಲು ಹತ್ತು ಸಾವಿರ ಜನ ಸಾಯಬೇಕಾಯಿತು.

ಮ್ಯಾಗ್ನಿಟ್ಯೂಡ್ ಬರೀ 6.2. ಜಪಾನಿನಲ್ಲಿ ಇಷ್ಟರದ್ದು ಬಂದು ಹೋದರೆ ಸುದ್ದಿ ಎರಡು ದಿನ. ಇಲ್ಲಿ ಅದು ನೆಲದಿಂದ ಹತ್ತು ಕಿಲೋಮೀಟರ್ ಒಳಗೇ ಆಯಿತು, ಸೀಳು ಮೇಲಕ್ಕೂ ಕಾಣಿಸಿತು. ಹಿಂದಿನ ದಿನ ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಐದು ನಿಮಿಷ ಇತ್ತು.

ಸೆಂಟ್ರಿಂಗ್ ಶಿವಣ್ಣ
ಸಿವಿಲ್ ಇಂಜಿನಿಯರ್ ನಾನು, ಹೆಸರು ತಮಾಷೆಗೆ. ಕಿಲ್ಲಾರಿ ಸಾವುಗಳಿಗೆ ಫಾಲ್ಟ್ ಅರ್ಧ ಕಾರಣ, ಇನ್ನರ್ಧ ಗೋಡೆ. ಅಲ್ಲಿಯದು, ನಮ್ಮ ಬೀದರ್ ಕಲಬುರಗಿಯದು ಒಂದೇ ಥರದ ಮನೆ. ಎರಡಡಿಗಿಂತ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ. ನೋಡಲು ಕೋಟೆ. ಆದರೆ ಆ ಗೋಡೆ ಒಂದಲ್ಲ, ಎರಡು. ಒಳಗಡೆ ಒಂದು ಸಾಲು ಕಲ್ಲು, ಹೊರಗಡೆ ಒಂದು ಸಾಲು, ನಡುವೆ ಚೂರುಕಲ್ಲು ಮಣ್ಣು ತುಂಬಿದ್ದು. ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ಅಲುಗಾಡಿದ ತಕ್ಷಣ ಒಂದು ಮುಖ ಆ ಕಡೆ, ಇನ್ನೊಂದು ಈ ಕಡೆ ಬಿಚ್ಚಿಕೊಂಡು ಬೀಳುತ್ತದೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಬಿಸಿಲು ತಡೆಯಲು ಎರಡಡಿ ಮಣ್ಣು. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರಬಾರದು ಅಂತ ಇನ್ನಷ್ಟು ಮಣ್ಣು ಹಾಕುತ್ತಾ ಬಂದಿರುತ್ತಾರೆ. ಆ ಭಾರ ಮಲಗಿದವರ ಮೇಲೆ ಬಂದರೆ ಮುಗಿಯಿತು. ಒಳಗೆ ಮರದ ಕಂಬದ ಮೇಲೆ ತೊಲೆ ಗಟ್ಟಿಯಾಗಿ ಕೂತಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಚೌಕಟ್ಟು ನಿಂತಿತ್ತು.

ಆಳಂದದವರೇ, ನಿಮ್ಮ ಕಡೆ ಇನ್ನೂ ಇಂಥ ಮಾಳಿಗೆ ಮನೆ ಇದ್ದರೆ ಮೊದಲು ಮೇಲಿನ ಮಣ್ಣು ಇಳಿಸಿ ತೆಳ್ಳಗೆ ಮಾಡಿಸಿ. ಎರಡನೆಯದು, ಗೋಡೆಯಲ್ಲಿ ಅಲ್ಲಲ್ಲಿ ತೂತು ತೆಗೆದು ಕಂಬಿ ಹಾಕಿ ಕಾಂಕ್ರೀಟ್ ತುಂಬಿಸಿ ಎರಡೂ ಮುಖ ಕೂಡಿಸಿ. ಹೊಸದಾಗಿ ಕಟ್ಟುವವರು ಬಾಗಿಲು ಕಿಟಕಿ ಮೇಲೆ ಲಿಂಟಲ್ ಬೀಮನ್ನು ತುಂಡು ತುಂಡು ಮಾಡದೆ ಮನೆ ಸುತ್ತಲೂ ಒಂದೇ ಪಟ್ಟಿಯಾಗಿ ಹಾಕಿಸಿ. ಖರ್ಚು ಹೇಳಿಕೊಳ್ಳುವಷ್ಟು ಜಾಸ್ತಿ ಆಗಲ್ಲ.

ಬೆಂಗಳೂರಿನವರು ನಗಬೇಡಿ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರ್‌ಗಿಂತ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಬಿದ್ದವು. ಕೆಳಗೆ ಪಾರ್ಕಿಂಗ್‌ಗೆ ಬರೀ ಕಂಬ, ಮೇಲೆ ಗೋಡೆ ತುಂಬಿದ ನಾಲ್ಕು ಮಹಡಿ. ಅಲುಗಾಟವೆಲ್ಲ ಆ ಕಂಬಗಳ ಮೇಲೇ ಬಂತು. ನಮ್ಮ ಒಂದೊಂದು ಬಡಾವಣೆಯಲ್ಲೂ ಅದೇ ಡಿಸೈನ್. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಸೈಟಿನಲ್ಲಿ ಕಂಬದೊಳಗಿನ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳ ತುದಿಯನ್ನು ಒಳಕ್ಕೆ 135 ಡಿಗ್ರಿ ಬಗ್ಗಿಸಿ ಅಂದರೆ, 'ಸಾರ್, 90 ಸಾಕು, ಕಟ್ಟೋದಕ್ಕೆ ಸುಲಭ' ಅನ್ನುತ್ತಿದ್ದರು. ನಕ್ಷೆಯಲ್ಲಿ ಒಂದು, ಕಂಬದೊಳಗೆ ಒಂದು. ಅಲುಗಿದಾಗ 90ರ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಕಂಬಿ ಹೊರಕ್ಕೆ ಬಾಗುತ್ತದೆ, ಕಾಂಕ್ರೀಟ್ ಪುಡಿ.

ಸಂಪಾಜೆ ಹೊಳೆ
ಕೊಡಗು ಸುಳ್ಯ ಗಡಿಯವಳು. 2022ರ ಜೂನ್ ಕೊನೆಯಲ್ಲಿ ನಮ್ಮ ಚೆಂಬು ಸಂಪಾಜೆ ಕಡೆ ಆದದ್ದು ನೆನಪಿದೆಯಾ? ಮ್ಯಾಗ್ನಿಟ್ಯೂಡ್ 3ರ ಆಸುಪಾಸು ಅಷ್ಟೆ, ಆದರೆ ಮೊದಲು ದೊಡ್ಡ ಶಬ್ದ, ಆಮೇಲೆ ಅಡುಗೆಮನೆ ಪಾತ್ರೆ ಗಡಗಡ. ಮತ್ತೆ ಮತ್ತೆ ಬಂತು. ಶಬ್ದ ಯಾಕೆ ಬರುತ್ತೆ? ಮನೆಯಲ್ಲಿ ಎಲ್ಲರೂ ಕ್ವಾರಿ ಸ್ಫೋಟ ಅಂದರು.

ಕರಿಕಲ್ಲು
ಮೇಡಂ, ಸಣ್ಣ ಭೂಕಂಪ ತೀರಾ ಮೇಲ್ಭಾಗದಲ್ಲಿ, ಗಟ್ಟಿ ಕಲ್ಲಿನಲ್ಲಿ ಆದರೆ ಶಬ್ದ ಕೇಳುತ್ತದೆ. ಮೊದಲು ಬರುವ ಅಲೆ, ಪಿ ಅಲೆ ಅಂತಾರೆ, ನೆಲದಿಂದ ಗಾಳಿಗೆ ದಾಟಿ ಕಿವಿಗೆ ಬೀಳುತ್ತದೆ. ಅದು ಕಲ್ಲಿನಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಹೋಗುತ್ತದೆ. ನಿಜವಾಗಿ ಅಲುಗಾಡಿಸುವ ಎಸ್ ಅಲೆ ಸುಮಾರು ಮೂರೂವರೆ. ಎರಡರ ಮಧ್ಯೆ ಎಷ್ಟು ಸೆಕೆಂಡ್ ಅಂತ ಎಣಿಸಿ 8ರಿಂದ ಗುಣಿಸಿದರೆ ದೂರ ಅಂದಾಜಾಗಿ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಹತ್ತು ಸೆಕೆಂಡ್ ಆದರೆ 80. ನಿಮ್ಮಲ್ಲಿ ಶಬ್ದದ ಹಿಂದೆಯೇ ಪಾತ್ರೆ ಅಲುಗಿದ್ದರೆ ಮೂಲ ಹತ್ತಿರದಲ್ಲೇ ಇತ್ತು.

ಕ್ವಾರಿ ಸ್ಫೋಟವೋ ಭೂಕಂಪವೋ ಅನ್ನುವುದನ್ನು ಯಂತ್ರ ಹೇಳುತ್ತದೆ. ಸ್ಫೋಟ ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ, ಪಿ ಅಲೆ ಜೋರು, ಎಸ್ ಕಡಿಮೆ. ಫಾಲ್ಟ್ ಪಕ್ಕಕ್ಕೆ ಜಾರುವುದರಿಂದ ಎಸ್ ಜೋರಾಗಿರುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1960ರ ದಶಕದಲ್ಲೇ ಸಾಲಾಗಿ ಕಂಪನಮಾಪಕ ಹೂಳಿದ್ದು ಬೇರೆ ದೇಶಗಳ ಅಣುಬಾಂಬ್ ಪರೀಕ್ಷೆ ಪತ್ತೆ ಹಚ್ಚಲಿಕ್ಕೆ. ನೋಡಿ, 2020ರ ಮೇ 20ರಂದು ಬೆಂಗಳೂರಿನಲ್ಲಿ ಢಂ ಅಂದಿತಲ್ಲ, ಯಂತ್ರಗಳಲ್ಲಿ ಏನೂ ಬಂದಿರಲಿಲ್ಲ, ವಾಯುಸೇನೆಯ ವಿಮಾನದ ಪರೀಕ್ಷಾ ಹಾರಾಟ ಅದು.

ಜ್ಯೋತಿರ್ಮಯ
ಎಲ್ಲ ಸರಿ, ಆದರೆ ಗ್ರಹಣದ ಆಸುಪಾಸಿನಲ್ಲೇ ದೊಡ್ಡ ಭೂಕಂಪ ಆಗುತ್ತವೆ ಅನ್ನುವುದನ್ನು ವಿಜ್ಞಾನಿಗಳು ಮುಚ್ಚಿಡುತ್ತಾರೆ. ಡ್ಯಾಂ ನೀರಿನಿಂದಲೂ ಆಗುತ್ತೆ, ಅದನ್ನೂ ಹೇಳಲ್ಲ.

ಕರಿಕಲ್ಲು
ಗ್ರಹಣ ವರ್ಷಕ್ಕೆ ನಾಲ್ಕಾದರೂ ಆಗುತ್ತವೆ, ಆಸುಪಾಸು ಅಂತ ಹಿಂದೆ ಮುಂದೆ ಹದಿನೈದು ದಿನ ಹಿಡಿದರೆ ವರ್ಷದ ಕಾಲುಭಾಗವೇ ಅದರೊಳಗೆ ಬಂತು, ಕೆಲವು ಭೂಕಂಪ ಕಾಕತಾಳೀಯವಾಗಿ ಅಲ್ಲಿ ಬಿದ್ದೇ ಬೀಳುತ್ತವೆ.

ಡ್ಯಾಂ ಮಾತು ಸರಿ, ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಮಹಾರಾಷ್ಟ್ರದ ಕೊಯ್ನಾ ಡ್ಯಾಂ ಪ್ರಪಂಚಕ್ಕೆಲ್ಲ ಉದಾಹರಣೆ. 1962ರಿಂದ ನೀರು ತುಂಬಿಸಿದರು, ಸಣ್ಣ ಕಂಪನ ಶುರುವಾದವು, 1967ರ ಡಿಸೆಂಬರ್ 11ರ ಬೆಳಗಿನ ಜಾವ 6.3 ಆಗಿ ಸುಮಾರು 180 ಜನ ಹೋದರು. ನೀರು ಸೀಳುಗಳ ಒಳಗಿಳಿದು ಕಲ್ಲಿನ ನಡುವಿನ ಒತ್ತಡ ಹೆಚ್ಚಿಸುತ್ತದೆ, ಕಚ್ಚಿಕೊಂಡ ಮುಖಗಳ ಹಿಡಿತ ಸಡಿಲವಾಗುತ್ತದೆ. ಆದರೆ ಶಕ್ತಿ ನೀರಿನದಲ್ಲ. ಜಾರಲು ತಯಾರಾಗಿದ್ದ ಫಾಲ್ಟ್‌ಗೆ ಅದು ಕಡೆಯ ತಳ್ಳು. ಇಲ್ಲದಿದ್ದರೆ ದೇಶದ ಎಲ್ಲ ಡ್ಯಾಂ ಹತ್ತಿರವೂ ಆಗಬೇಕಿತ್ತು. ಅಲ್ಲಿ ಮೂರು ಕಿಲೋಮೀಟರ್ ಆಳದ ಬೋರ್ ಕೊರೆದು ಇವತ್ತಿಗೂ ಅಧ್ಯಯನ ಮಾಡುತ್ತಿದ್ದಾರೆ.

ಟೋಕಿಯೋ ವಾಸು
ಪಿ, ಎಸ್ ಅಲೆ ವಿಷಯ ಬಂದಿದ್ದಕ್ಕೆ. ಇಲ್ಲಿ ಫೋನ್ ಕಿರುಚಿಕೊಂಡು ಎಚ್ಚರಿಸುವುದು ಅದೇ ವ್ಯತ್ಯಾಸದ ಮೇಲೆ. ಪಿ ಅಲೆ ಸಿಕ್ಕ ತಕ್ಷಣ ಎಸ್ ಬರುವುದಕ್ಕೆ ಮುಂಚೆ ಸಂದೇಶ ಹೋಗುತ್ತದೆ. ಭವಿಷ್ಯ ಹೇಳುವುದಲ್ಲ, ಆಗಿಬಿಟ್ಟಿದೆ, ಬರ್ತಾ ಇದೆ ಅಂತ ಹೇಳುವುದು. 2011ರ ಮಾರ್ಚ್ 11ರಂದು ಸಮುದ್ರದಡಿ ಪೆಸಿಫಿಕ್ ಪ್ಲೇಟ್ ಮೇಲೆ, ಅದು ಜಪಾನಿನ ಕೆಳಗೆ ನುಗ್ಗುವ ಕಂದಕದ ಹತ್ತಿರ, ಸುಮಾರು 50 ಮೀಟರ್ ಜಾರಿಕೆ ಆಯಿತು, ಆದರೂ ಪ್ರಯಾಣಿಕರಿದ್ದ ಒಂದು ಬುಲೆಟ್ ಟ್ರೈನೂ ಹಳಿ ತಪ್ಪಲಿಲ್ಲ. ಕಿಲ್ಲಾರಿಯಂಥ ಕಡೆ ಇದು ಉಪಯೋಗಕ್ಕೆ ಬರಲ್ಲ ಬಿಡಿ, ಕಾಲಡಿಯಲ್ಲೇ ಆದರೆ ಎಚ್ಚರಿಸಲು ಟೈಮೇ ಇರಲ್ಲ. ಹಿಮಾಲಯದಲ್ಲಿ ಆಗಿ ದೆಹಲಿಗೆ ಬರುವಂಥದ್ದಕ್ಕೆ ಉಪಯೋಗ.

ಒಂದು ಪ್ರಶ್ನೆ ಸಾರ್. 2012ರ ಏಪ್ರಿಲ್ 11ರಂದು ನಾನು ಬೆಂಗಳೂರಿನಲ್ಲಿದ್ದೆ, ಆಫೀಸ್ ಅಲುಗಿ ಎಲ್ಲರೂ ರಸ್ತೆಗೆ ಬಂದಿದ್ದೆವು. ಸುಮಾತ್ರಾ ಹತ್ತಿರ 8.6 ಅಂದರು. ಸುನಾಮಿ ಯಾಕೆ ಬರಲಿಲ್ಲ?

ಕರಿಕಲ್ಲು
2004ರಲ್ಲಿ ನಮ್ಮ ಪ್ಲೇಟ್ ಸುಮಾತ್ರಾ ಅಂಡಮಾನ್ ಕೆಳಗೆ ನುಗ್ಗುವ ಜಾಗದಲ್ಲಿ 1,200 ಕಿಲೋಮೀಟರ್‌ಗೂ ಹೆಚ್ಚು ಉದ್ದಕ್ಕೆ ಜಾರಿ, ಸಮುದ್ರದ ತಳವೇ ಮೇಲಕ್ಕೆ ಎದ್ದಿತು. ತಳ ಎದ್ದರೆ ನೀರೂ ಏಳಬೇಕು. 2012ರದ್ದು ಆ ಅಂಚಿನಿಂದ ಆಚೆ, ಪ್ಲೇಟ್ ಒಳಗೆ. ಎರಡು ಕಡೆಯ ಕಲ್ಲು ಅಡ್ಡಡ್ಡ ಸರಿಯಿತು, ಎತ್ತುವ ಕೆಲಸ ಆಗಲಿಲ್ಲ. ನೀರು ಅಲುಗಿತು, ದೊಡ್ಡ ಅಲೆ ಏಳಲಿಲ್ಲ. ಪ್ಲೇಟ್ ಅಂಚಿನ ಹೊರಗೆ 8.6ರಷ್ಟು ದೊಡ್ಡದು ಆಗಬಹುದು ಅಂತ ಅದಕ್ಕೂ ಮುಂಚೆ ಹೇಳಿದ್ದರೆ ಬಹಳ ಜನ ನಂಬುತ್ತಿರಲಿಲ್ಲ.

ಯಶವಂತಪುರ ರಘು
ನಾವು ವರ್ಷಕ್ಕೆ 5 ಸೆಂಟಿಮೀಟರ್ ಹೋಗುತ್ತಿದ್ದೇವೆ ಅಂದರಲ್ಲ, ಅದನ್ನು ಯಾರು ಅಳೆದರು? ದೆಹಲಿ ಹತ್ತಿರವಾಗುತ್ತಿದೆಯಾ?

ಕರಿಕಲ್ಲು
ನಿಮ್ಮ ಮನೆ ಹತ್ತಿರದ ಟಾಟಾ ಇನ್‌ಸ್ಟಿಟ್ಯೂಟ್ ಒಳಗೇ ಜಿಪಿಎಸ್ ಸ್ಟೇಷನ್ ಇದೆ, 1990ರ ದಶಕದಿಂದ ಅಳೆಯುತ್ತಿದೆ. ದೆಹಲಿ ಹತ್ತಿರ ಆಗುವುದಿಲ್ಲ, ಅದೂ ಇದೇ ಪ್ಲೇಟ್ ಮೇಲಿದೆ, ನಮ್ಮ ಜೊತೆಗೇ ಬರುತ್ತಿದೆ. ಹತ್ತಿರವಾಗುತ್ತಿರುವುದು ಟಿಬೆಟಿನ ಲಾಸಾ, ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ಆ 2 ಸೆಂಟಿಮೀಟರ್ ಹಿಮಾಲಯದಡಿ ಕಚ್ಚಿಕೊಂಡ ಫಾಲ್ಟ್ ಮೇಲೆ ಪ್ರತಿ ವರ್ಷ ಜಮಾ ಆಗುತ್ತಿದೆ. ಪಶ್ಚಿಮ ನೇಪಾಳದಲ್ಲಿ ಕೊನೆಯ ಬಾರಿ ಭಾರಿ ಭೂಕಂಪ ಆದದ್ದು 1505ರಲ್ಲಿ. ಗುಣಿಸಿ ನೋಡಿ, ಹತ್ತು ಮೀಟರ್ ಆಗುತ್ತದೆ.

ಸೆಂಟ್ರಿಂಗ್ ಶಿವಣ್ಣ
ಹತ್ತು ಮೀಟರ್ ಒಂದೇ ಸಲ ಜಾರಿದರೆ ಮ್ಯಾಗ್ನಿಟ್ಯೂಡ್ ಎಷ್ಟಾಗುತ್ತೆ ಸಾರ್?

ಕರಿಕಲ್ಲು
ಎಷ್ಟು ಉದ್ದಕ್ಕೆ ಹರಿಯುತ್ತದೆ ಅನ್ನುವುದರ ಮೇಲೆ. ಮುನ್ನೂರು ನಾನ್ನೂರು ಕಿಲೋಮೀಟರ್ ಹರಿದರೆ 8 ದಾಟಿ ಮೇಲೆ ಹೋಗುತ್ತದೆ. ಯಾವ ವರ್ಷ ಅಂತ ಮಾತ್ರ ಕೇಳಬೇಡಿ, ಅದನ್ನು ಹೇಳುತ್ತೇನೆ ಅನ್ನುವವರ ಚಾನೆಲ್ ಅನ್‌ಸಬ್‌ಸ್ಕ್ರೈಬ್ ಮಾಡಿ.